ತೂಬು ಎತ್ತುವ ಕೈ: ಕಿರುಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಸಿಎಸ್‌ಎಫ್ ಬಿಡುವ ಕ್ರಮ

ಕಿವಿಯ ಹಿಂದಿನ ಮೂಳೆ ತೆಗೆದು, ಮಿದುಳನ್ನು ಹೊದ್ದಿರುವ ಗಟ್ಟಿ ಹೊರಪೊರೆಯಾದ ಡ್ಯೂರಾ ಕಣ್ಣಿಗೆ ಬಿದ್ದ ಕೂಡಲೇ ನಾನು ಅದರ ಮೇಲೆ ಬೆರಳಿಟ್ಟು ನೋಡುತ್ತೇನೆ. ಒಳಗಿನ ಒತ್ತಡ ಸರಿಯಿದ್ದರೆ ಪೊರೆ ಬೆರಳಿಗೆ ತುಸು ತಗ್ಗುತ್ತದೆ, ನಾಡಿಯೊಂದಿಗೆ ಮೆಲ್ಲನೆ ಏರಿಳಿಯುತ್ತದೆ. ಒತ್ತಡ ಹೆಚ್ಚಿದ್ದರೆ ಗಾಳಿ ತುಂಬಿದ ಚೆಂಡಿನಂತೆ ಬಿಗಿದಿರುತ್ತದೆ, ಬಡಿತ ಕಾಣುವುದೇ ಇಲ್ಲ. ಅಂಥ ಪೊರೆಯನ್ನು ಅವಸರದಲ್ಲಿ ಉದ್ದಕ್ಕೆ ಸೀಳಿದರೆ ಕಿರುಮಿದುಳು ಆ ಸೀಳಿನಿಂದ ಹೊರಕ್ಕೆ ಉಕ್ಕುತ್ತದೆ. ಸೀಳಿನ ಅಂಚಿಗೆ ಸಿಕ್ಕ ಅಭಿಧಮನಿಗಳು ಬಿಗಿದು ರಕ್ತ ಹಿಂದಿರುಗಲಾರದೆ, ಉಬ್ಬಿದ್ದು ಮತ್ತಷ್ಟು ಉಬ್ಬುತ್ತದೆ. ಒಮ್ಮೆ ಹಾಗಾಯಿತೆಂದರೆ ಅದನ್ನು ಒಳಗೆ ಕೂರಿಸುವುದು ಬಹಳ ಕಷ್ಟ.

ಇದನ್ನು ತಪ್ಪಿಸುವ ದಾರಿ ನೀರು. ಮಿದುಳನ್ನು ಸರಿಸುವ ಮೊದಲು ಅದರ ಸುತ್ತಲಿನ ದ್ರವವನ್ನು, ಅಂದರೆ ಸಿಎಸ್‌ಎಫ್ ಅನ್ನು, ಸರಿಯಾದ ಜಾಗದಿಂದ ನಿಧಾನವಾಗಿ ಬಿಡಬೇಕು. ಆಗ ಕಿರುಮಿದುಳು ತಾನಾಗಿಯೇ ಹಿಂದೆ ಸರಿದು ದಾರಿ ಕೊಡುತ್ತದೆ. ಚನ್ನಗಿರಿ ಕಡೆಯ ಸೂಳೆಕೆರೆಯ ಅಚ್ಚುಕಟ್ಟಿನಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ತೂಬು ಎತ್ತಿದರೆ ಗದ್ದೆಗೆ ನೀರು ಹೋಗುತ್ತದೆ, ಏರಿ ಕಡಿದರೆ ಗದ್ದೆಯೇ ಕೊಚ್ಚಿಕೊಂಡು ಹೋಗುತ್ತದೆ. ಎರಡರಲ್ಲೂ ಹರಿಯುವುದು ಅದೇ ನೀರು.

ದಾವಣಗೆರೆಯಲ್ಲಿ ನಮ್ಮ ಜೊತೆ ಒ.ಟಿ. ಮತ್ತು ಐಸಿಯುನಲ್ಲಿ ಕೆಲಸ ಮಾಡುವ ಶುಶ್ರೂಷಕಿಯರು, ತಂತ್ರಜ್ಞರು ಹಲವರು ಜಗಳೂರು, ಹೊಳಲ್ಕೆರೆ, ಹರಪನಹಳ್ಳಿ ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು. ಕೆಲಸದಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ಆದರೆ ಮಾಡುವ ಕೆಲಸದ ಹಿಂದಿನ ಕಾರಣವನ್ನು ಅವರ ಭಾಷೆಯಲ್ಲಿ ಕೂತು ಹೇಳಿದವರು ಕಡಿಮೆ. ಮುಖ್ಯವಾಗಿ ಅವರಿಗಾಗಿ, ಹೊಸದಾಗಿ ನರಶಸ್ತ್ರಚಿಕಿತ್ಸೆ ಕಲಿಯುತ್ತಿರುವ ವೈದ್ಯರಿಗಾಗಿ, ಮತ್ತು ಐಸಿಯು ಬಾಗಿಲಲ್ಲಿ ಕಾಯುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಓದಿದ ಮಾತ್ರಕ್ಕೆ ಕೈ ಹಾಕುವ ಕೆಲಸ ಇದಲ್ಲ. ಹಿರಿಯರ ಪಕ್ಕದಲ್ಲಿ ನಿಂತು ಕಲಿಯುವಾಗ ಕಣ್ಣು ಎಲ್ಲಿಡಬೇಕು ಎಂಬುದಕ್ಕೆ ಮಾತ್ರ ಇದು ನೆರವು.

ನೀರಿನ ದಾರಿ ಮೊದಲು ತಿಳಿದಿರಲಿ

ವಯಸ್ಕರಲ್ಲಿ ಮಿದುಳು ಮತ್ತು ಬೆನ್ನುಹುರಿಯ ಒಳಗೂ ಹೊರಗೂ ಸೇರಿ ಸಿಎಸ್‌ಎಫ್ ಇರುವುದು ಸುಮಾರು 150 ಮಿ.ಲೀ. ಮಾತ್ರ. ಆದರೆ ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಉತ್ಪತ್ತಿಯಾಗುತ್ತದೆ, ಅಷ್ಟೇ ಪ್ರಮಾಣ ರಕ್ತಕ್ಕೆ ಮರಳುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 20 ಮಿ.ಲೀ. ಈ 20 ಎಂಬ ಅಂಕಿಯನ್ನು ನೆನಪಿಡಿ, ಮುಂದೆ ಐಸಿಯುನಲ್ಲಿ ಇದೇ ನಿಮ್ಮ ಅಳತೆಗೋಲು.

ಚಿತ್ರದುರ್ಗದ ಕೋಟೆ ಹತ್ತಿದವರು ಅಲ್ಲಿನ ಹೊಂಡಗಳನ್ನು ನೋಡಿರುತ್ತೀರಿ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುತ್ತದೆ. ತಲೆಯೊಳಗೂ ಇಂಥದೇ ಏರ್ಪಾಡು. ಎಡಬಲದ ಎರಡು ದೊಡ್ಡ ಕುಹರಗಳಿಂದ ನಡುವಿನ ಮೂರನೆಯ ಕುಹರಕ್ಕೆ, ಅಲ್ಲಿಂದ ಒಂದು ಸಣ್ಣ ಕಾಲುವೆಯ ಮೂಲಕ ನಾಲ್ಕನೆಯ ಕುಹರಕ್ಕೆ ನೀರು ಬರುತ್ತದೆ. ನಾಲ್ಕನೆಯ ಕುಹರ ಇರುವುದು ಕಿರುಮಿದುಳಿಗೂ ಮಿದುಳಕಾಂಡಕ್ಕೂ ನಡುವೆ. ಅದರ ಮೂರು ಕಿಂಡಿಗಳಿಂದ ಹೊರಬಿದ್ದ ನೀರು ಕಿರುಮಿದುಳಿನ ಕೆಳಗಿರುವ ಸಿಸ್ಟರ್ನಾ ಮ್ಯಾಗ್ನಾ ಎಂಬ ತಾಣದಲ್ಲಿ ನಿಂತು ಮುಂದೆ ಹರಡುತ್ತದೆ. ಆ ಲ್ಯಾಟಿನ್ ಹೆಸರಿಗೆ ದೊಡ್ಡ ತೊಟ್ಟಿ ಎಂದೇ ಅರ್ಥ. ನಾನು ಇಲ್ಲಿ ಅದನ್ನು ದೊಡ್ಡ ತೊಟ್ಟಿ ಎಂದೇ ಕರೆಯುತ್ತೇನೆ.

ಕಿರುಮಿದುಳಿನ ಗಡ್ಡೆ, ರಕ್ತಸ್ರಾವ, ಅಥವಾ ಪಾರ್ಶ್ವವಾಯುವಿನ ಬಾವು ಈ ಸರಪಳಿಯನ್ನು ಕೆಳಗಿನ ತುದಿಯಲ್ಲಿ ಕಟ್ಟಿಬಿಡುತ್ತದೆ. ಮೇಲಿನ ಕುಹರಗಳು ಹಿಗ್ಗುತ್ತವೆ. ಮನೆಯವರು ‘ತಲೆಯಲ್ಲಿ ನೀರು ತುಂಬಿದೆ’ ಎನ್ನುವುದು ಇದನ್ನೇ. ಕಿರುಮಿದುಳು ಕೂತಿರುವ ಕೋಣೆ ತೀರ ಇಕ್ಕಟ್ಟಿನದು. ಮೇಲೆ ಟೆಂಟೋರಿಯಂ ಎಂಬ ಗಟ್ಟಿ ಪೊರೆಯ ಚಾವಣಿ, ಕೆಳಗೆ ಬೆನ್ನುಹುರಿ ಇಳಿಯುವ ದೊಡ್ಡ ರಂಧ್ರ, ಮುಂದೆ ಉಸಿರು ಮತ್ತು ಎದೆಬಡಿತವನ್ನು ನಡೆಸುವ ಮಿದುಳಕಾಂಡ. ಒತ್ತಡ ಹೆಚ್ಚಿದರೆ ಕಿರುಮಿದುಳು ಮೇಲಕ್ಕೋ ಕೆಳಕ್ಕೋ ತೂರಿಕೊಳ್ಳಬೇಕು, ಬೇರೆ ಜಾಗವಿಲ್ಲ. ಎರಡೂ ಪ್ರಾಣಾಪಾಯವೇ.

ಚಾಕು ಮುಟ್ಟುವ ಮೊದಲು

ಸ್ಕ್ಯಾನ್ ನೋಡುವಾಗ ಗಡ್ಡೆಯ ಗಾತ್ರದ ಮೇಲೆ ಮಾತ್ರ ಕಣ್ಣು ನೆಡಬೇಡಿ. ಮೇಲಿನ ಕುಹರಗಳು ಹಿಗ್ಗಿವೆಯೇ? ನಾಲ್ಕನೆಯ ಕುಹರ ಎಲ್ಲಿಗೆ ಸರಿದಿದೆ? ಕಿರುಮಿದುಳಿನ ಟಾನ್ಸಿಲ್‌ಗಳು, ಅಂದರೆ ಅದರ ಕೆಳತುದಿಯ ಎರಡು ಉಂಡೆಗಳು, ಕೆಳಗಿನ ರಂಧ್ರಕ್ಕೆ ಇಳಿದಿವೆಯೇ? ದೊಡ್ಡ ತೊಟ್ಟಿಯಲ್ಲಿ ನೀರು ಉಳಿದಿದೆಯೇ, ಇಲ್ಲವೇ ಅದು ಮುಚ್ಚಿಹೋಗಿದೆಯೇ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡರೆ ನೀರನ್ನು ಎಲ್ಲಿಂದ ಬಿಡಬೇಕು ಎಂಬುದು ಅರ್ಧ ತೀರ್ಮಾನವಾದಂತೆ.

ಇಲ್ಲಿ ಒಂದು ನಿಷೇಧವನ್ನು ಗಟ್ಟಿಯಾಗಿ ಹೇಳಬೇಕು. ಗಡ್ಡೆ ನೀರಿನ ದಾರಿ ಕಟ್ಟಿರುವಾಗ ಸೊಂಟದಿಂದ ನೀರು ತೆಗೆಯಬಾರದು. ಬೆನ್ನಿಗೆ ಸೂಜಿ ಹಾಕಿ ಸಿಎಸ್‌ಎಫ್ ತೆಗೆಯುವ ಕ್ರಮವನ್ನು ಜರ್ಮನಿಯ ಹೈನ್ರಿಖ್ ಕ್ವಿಂಕೆ 1891ರಲ್ಲಿ ಪ್ರಕಟಿಸಿದರು. ಅದು ಇಂದಿಗೂ ಬಹಳ ಉಪಯುಕ್ತ. ಆದರೆ ಮೇಲೆ ಒತ್ತಡ ತುಂಬಿರುವಾಗ ಕೆಳಗಿನ ನೀರು ಖಾಲಿ ಮಾಡಿದರೆ ಕಿರುಮಿದುಳಿನ ಟಾನ್ಸಿಲ್‌ಗಳು ಕೆಳಗಿನ ರಂಧ್ರಕ್ಕೆ ಜಾರಿ ಮಿದುಳಕಾಂಡವನ್ನು ಅದುಮುತ್ತವೆ, ಉಸಿರು ನಿಲ್ಲುತ್ತದೆ. ಕುಹರಗಳು ಹಿಗ್ಗದ, ಗಡ್ಡೆ ಚಿಕ್ಕದಿರುವ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ಸೊಂಟದ ಡ್ರೇನ್ ಬಳಸುವವರಿದ್ದಾರೆ. ಆ ನಿರ್ಧಾರ ಸ್ಕ್ಯಾನ್ ಮುಂದಿಟ್ಟುಕೊಂಡು ಹಿರಿಯ ಶಸ್ತ್ರವೈದ್ಯರೇ ತೆಗೆದುಕೊಳ್ಳಬೇಕಾದದ್ದು.

ಕುಹರಗಳು ಹಿಗ್ಗಿ ರೋಗಿ ಮಂಪರಿನಲ್ಲಿದ್ದರೆ ಮೇಲಿನಿಂದ ದಾರಿ ಮಾಡಬೇಕಾಗುತ್ತದೆ. ಹಣೆಯ ಮೇಲ್ಭಾಗದಲ್ಲಿ, ಮೂಗಿನ ಬುಡದಿಂದ ಹಿಂದಕ್ಕೆ 10ರಿಂದ 11 ಸೆಂ.ಮೀ., ನಡುಗೆರೆಯಿಂದ ಪಕ್ಕಕ್ಕೆ ಸುಮಾರು 3 ಸೆಂ.ಮೀ. ದೂರದಲ್ಲಿ ಸಣ್ಣ ರಂಧ್ರ ಕೊರೆದು ಕುಹರಕ್ಕೆ ನಳಿಕೆ ಇಳಿಸುತ್ತೇವೆ. ಸುಮಾರು 5ರಿಂದ 6 ಸೆಂ.ಮೀ. ಆಳದಲ್ಲಿ ನೀರು ಸಿಗಬೇಕು. ಸಿಗಲಿಲ್ಲವೆಂದು 7 ದಾಟಿಸಿ ತಳ್ಳಬಾರದು. ನಳಿಕೆ ಹೊರತೆಗೆದು ದಿಕ್ಕು ಸರಿಪಡಿಸಿಕೊಳ್ಳಬೇಕು. ಹೊರಗೆ ಚೀಲಕ್ಕೆ ಜೋಡಿಸಿದ ಈ ನಳಿಕೆಯನ್ನೇ ವಾರ್ಡಿನಲ್ಲಿ ಇವಿಡಿ ಎನ್ನುತ್ತೇವೆ. ರೋಗಿ ಎಚ್ಚರದಲ್ಲಿದ್ದು, ಸ್ಟೀರಾಯ್ಡ್ ಕೊಟ್ಟ ಮೇಲೆ ತಲೆನೋವು ವಾಂತಿ ಇಳಿದರೆ, ಬೇಗ ಗಡ್ಡೆ ತೆಗೆಯುವುದೇ ಒಳ್ಳೆಯದು. ಗಡ್ಡೆ ತೆಗೆದ ಮೇಲೆ ಹಲವರಲ್ಲಿ ನೀರು ತನ್ನ ಹಳೆಯ ದಾರಿಯನ್ನೇ ಹಿಡಿಯುತ್ತದೆ, ನೀರನ್ನು ಮೈಯೊಳಗೇ ಬೇರೆಡೆಗೆ ಒಯ್ಯುವ ಶಾಶ್ವತ ನಳಿಕೆ, ಅಂದರೆ ಶಂಟ್, ಎಲ್ಲರಿಗೂ ಬೇಕಾಗುವುದಿಲ್ಲ.

ಇವಿಡಿ ಹಾಕಿದಿರೆಂದು ನಿರಾಳವಾಗಬೇಡಿ. ಗಡ್ಡೆ ಇನ್ನೂ ಕೆಳಗೇ ಕೂತಿದೆ. ಮೇಲಿನ ನೀರನ್ನು ಒಮ್ಮೆಲೇ ಬಿಟ್ಟರೆ ಕೆಳಗಿನ ಒತ್ತಡ ಕಿರುಮಿದುಳನ್ನು ಟೆಂಟೋರಿಯಂನ ಕಂಡಿಯಿಂದ ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಮೊದಲು ಕೆಲವೇ ಹನಿ, ಆಮೇಲೆ ಚೀಲವನ್ನು ಕಿವಿಯ ಮಟ್ಟಕ್ಕಿಂತ 15ರಿಂದ 20 ಸೆಂ.ಮೀ. ಎತ್ತರದಲ್ಲಿ ಕಟ್ಟಿ, ಹೆಚ್ಚುವರಿ ನೀರು ಮಾತ್ರ ಕೋಡಿ ಹರಿದಂತೆ ಬರಲು ಬಿಡಬೇಕು. ನೀರು ಬಿಟ್ಟ ಮೇಲೆ ಚೇತರಿಸಿಕೊಳ್ಳಬೇಕಾದ ರೋಗಿ ಮತ್ತೆ ಮಂಪರಾದರೆ, ಕಣ್ಣುಪಾಪೆಗಳು ಬದಲಾದರೆ, ಕ್ಲ್ಯಾಂಪ್ ಹಾಕಿ ತಕ್ಷಣ ಕರೆಯಿರಿ. ಹೊತ್ತು ನೋಡಬೇಡಿ, ನಿದ್ದೆಯಿಂದ ಎಬ್ಬಿಸಬೇಕಲ್ಲ ಎಂದು ಅಳುಕಬೇಡಿ.

ಮಲಗಿಸುವ ಕೆಲಸ ಸಣ್ಣದಲ್ಲ

ಬಿಗಿದ ಡ್ಯೂರಾದ ಕಾರಣ ಎಷ್ಟೋ ಸಲ ತಲೆಯೊಳಗಿರುವುದಿಲ್ಲ, ಕುತ್ತಿಗೆಯಲ್ಲಿರುತ್ತದೆ. ಕಿರುಮಿದುಳಿಗೆ ದಾರಿ ಮಾಡಲು ಕುತ್ತಿಗೆಯನ್ನು ಮುಂದಕ್ಕೆ ಬಾಗಿಸುತ್ತೇವೆ. ಅತಿಯಾದರೆ ಕುತ್ತಿಗೆಯ ಅಭಿಧಮನಿಗಳು ಮಡಚಿಕೊಂಡು ತಲೆಯ ರಕ್ತ ಕೆಳಗಿಳಿಯುವುದಿಲ್ಲ. ಗದ್ದಕ್ಕೂ ಎದೆಗೂ ನಡುವೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಬಟ್ಟೆ ಹೊದಿಸುವ ಮೊದಲು ಆ ಎರಡು ಬೆರಳನ್ನು ನಿಜವಾಗಿ ಇಟ್ಟು ನೋಡಿ, ಕಣ್ಣಳತೆ ಸಾಲದು. ಮಗುಚಿ ಮಲಗಿಸಿದ್ದರೆ ಹೊಟ್ಟೆ ಒತ್ತದಂತೆ ದಿಂಬು ಸರಿಪಡಿಸಿ. ತಲೆ ಎದೆಯ ಮಟ್ಟಕ್ಕಿಂತ ಮೇಲಿರಲಿ. ಉಸಿರಿನ ನಳಿಕೆಯನ್ನು ಕುತ್ತಿಗೆ ಸುತ್ತಿ ದಾರದಿಂದ ಬಿಗಿದು ಕಟ್ಟಬೇಡಿ.

ಮಿದುಳಿನ ಬಾವು ಇಳಿಸುವ ಮ್ಯಾನಿಟಾಲ್ ಔಷಧಿ ಕೊಡುವುದಿದ್ದರೆ ತೂಕದ ಪ್ರತಿ ಕಿಲೋಗೆ 0.5ರಿಂದ 1 ಗ್ರಾಂ, ಮೂಳೆ ತೆರೆಯುವ ಹೊತ್ತಿಗೆ ಹೋಗಿ ಮುಗಿದಿರುವಂತೆ. ಡ್ಯೂರಾ ಬಿಗಿದ ಮೇಲೆ ನೆನಪಿಸಿಕೊಂಡರೆ ಅದು ಕೆಲಸ ಮಾಡುವವರೆಗೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಉಸಿರಿನ ಇಂಗಾಲದ ಡೈಆಕ್ಸೈಡ್ ಒತ್ತಡ 30ರಿಂದ 35 ಮಿ.ಮೀ. ಪಾದರಸದ ನಡುವೆ ಇರಲಿ ಎಂದು ಅರಿವಳಿಕೆ ತಜ್ಞರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಕುಹರ ಹಿಗ್ಗಿದ್ದು ಇವಿಡಿ ಇಲ್ಲದ ರೋಗಿಗೆ ತಲೆಯ ಹಿಂಭಾಗದಲ್ಲೂ ತುರ್ತು ರಂಧ್ರದ ಜಾಗವನ್ನು ಗುರುತು ಹಾಕಿ ಶುಚಿ ಮಾಡಿಟ್ಟುಕೊಳ್ಳಬೇಕು: ಹಿಂದಲೆಯ ಗುಬ್ಬಿನಿಂದ 6 ಸೆಂ.ಮೀ. ಮೇಲೆ, ನಡುಗೆರೆಯಿಂದ 3ರಿಂದ 4 ಸೆಂ.ಮೀ. ಪಕ್ಕಕ್ಕೆ. ಬಳಸಬೇಕಾದ ಗಳಿಗೆ ಬಂದಾಗ ಹುಡುಕಲು ಸಮಯ ಇರುವುದಿಲ್ಲ.

ಡ್ಯೂರಾ ತೆರೆದು ತೊಟ್ಟಿಯವರೆಗೆ

ಈ ಭಾಗವನ್ನು ನಿಧಾನವಾಗಿ ಓದಿ. ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆಯುತ್ತದೆಯೋ ಇಲ್ಲವೋ ಎಂಬುದು ಈ ಹತ್ತು ನಿಮಿಷದಲ್ಲಿ ಬಹುಮಟ್ಟಿಗೆ ತೀರ್ಮಾನವಾಗುತ್ತದೆ ಎಂಬುದು ನನ್ನ ನಂಬಿಕೆ.

ಮೊದಲ ಸೀಳು ಚಿಕ್ಕದಿರಲಿ, ಸುಮಾರು ಒಂದು ಸೆಂಟಿಮೀಟರ್. ಮೂಳೆಯ ಕಿಟಕಿಯ ಕೆಳಮೂಲೆಯಲ್ಲಿರಲಿ, ಅಂದರೆ ದೊಡ್ಡ ತೊಟ್ಟಿಗೆ ಅತಿ ಹತ್ತಿರದ ಜಾಗದಲ್ಲಿ. ಅದಕ್ಕಾಗಿಯೇ ಮೂಳೆ ತೆಗೆಯುವಾಗ ಕೆಳಗಿನ ಅಂಚಿನಲ್ಲಿ ಜಿಪುಣತನ ಮಾಡಬಾರದು. ಕಿಟಕಿ ಮೇಲೆಯೇ ನಿಂತರೆ ತೊಟ್ಟಿ ಮುಟ್ಟಲು ಮಿದುಳನ್ನು ಎತ್ತಬೇಕಾಗುತ್ತದೆ, ನಾವು ತಪ್ಪಿಸಲು ಹೊರಟಿದ್ದೇ ಅದನ್ನು. ನಡುಗೆರೆಯಲ್ಲಿ ತೆರೆಯುವ ಶಸ್ತ್ರಚಿಕಿತ್ಸೆಯಲ್ಲಿ ಡ್ಯೂರಾವನ್ನು ಇಂಗ್ಲಿಷಿನ ವೈ ಅಕ್ಷರದಂತೆ ತೆರೆಯುತ್ತೇವೆ. ಅಲ್ಲಿ ಆ ಅಕ್ಷರದ ಕಾಲಿನ ತುದಿ ತೊಟ್ಟಿಯ ಮೇಲೇ ಬರುತ್ತದೆ. ಎಳೆಯ ಮಕ್ಕಳಲ್ಲಿ ಆ ನಡುಗೆರೆಯ ಪೊರೆಯೊಳಗೆ ಸೈನಸ್ ಎಂಬ ರಕ್ತ ತುಂಬಿದ ನಾಳ ಇರಬಹುದು. ಕತ್ತರಿಸುವ ಮೊದಲು ಎರಡೂ ಬದಿಗೆ ಕ್ಲಿಪ್ಪೋ ಹೊಲಿಗೆಯೋ ಸಿದ್ಧವಿರಬೇಕು. ಸಣ್ಣ ಮಗುವಿನ ಮೈಯಲ್ಲಿ ಇರುವ ರಕ್ತವೇ ಕಡಿಮೆ.

ಸೀಳಾದ ಮೇಲೆ ಮೈಕ್ರೋಸ್ಕೋಪ್ ತಂದುಕೊಳ್ಳಿ. ಪ್ಯಾಟಿಯನ್ನು, ಅಂದರೆ ದಾರ ಕಟ್ಟಿದ ಹತ್ತಿಯ ಪಟ್ಟಿಯನ್ನು, ಸಲೈನ್‌ನಲ್ಲಿ ಚೆನ್ನಾಗಿ ನೆನೆಸಿ ಕೊಡುವುದು ಶುಶ್ರೂಷಕಿಯ ಕೆಲಸ. ಒಣ ಪ್ಯಾಟಿ ಮಿದುಳಿಗೆ ಅಂಟುತ್ತದೆ, ತೆಗೆಯುವಾಗ ಮೇಲ್ಮೈ ಕಿತ್ತು ಬರುತ್ತದೆ. ನೆನೆದ ಪ್ಯಾಟಿಯನ್ನು ಡ್ಯೂರಾಕ್ಕೂ ಕಿರುಮಿದುಳಿಗೂ ನಡುವೆ ಇಟ್ಟು, ಬೆರಳ ತುದಿಯಿಂದ ಎಲೆ ಮೇಲಿನ ಇಬ್ಬನಿ ಸರಿಸುವಷ್ಟು ಹಗುರವಾಗಿ ಮುಂದಕ್ಕೆ ಜಾರಿಸಬೇಕು. ಸಕ್ಷನ್ ಸದಾ ಪ್ಯಾಟಿಯ ಮೇಲೆ, ಕಡಿಮೆ ಎಳೆತದಲ್ಲಿ. ಬರಿಯ ಮಿದುಳಿನ ಮೇಲೆ ಸಕ್ಷನ್ ತುದಿ ಕೂರಬಾರದು. ಒಂದು ಪ್ಯಾಟಿ ಕೂತ ಮೇಲೆ ಅದರ ಮುಂದೆ ಇನ್ನೊಂದು. ದಾರಗಳು ಹೊರಗೆ ಸಾಲಾಗಿ ಕಾಣುತ್ತಿರಲಿ, ಎಣಿಕೆ ನಡೆಯುತ್ತಿರಲಿ.

ಎರಡು ಮೂರು ಪ್ಯಾಟಿ ದಾಟಿದ ಮೇಲೆ ಒಂದು ತೆಳು ಪೊರೆ ಕಾಣುತ್ತದೆ. ಅದು ಅರಾಕ್ನಾಯ್ಡ್. ಈರುಳ್ಳಿಯ ಪದರಗಳ ನಡುವೆ ಸಿಗುವ ಪಾರದರ್ಶಕ ಸಿಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದ್ದರೆ ಅದರ ಗುರುತು ಸಿಗುತ್ತದೆ. ಹಿಂದೆ ನೀರು ನಿಂತಿರುವುದರಿಂದ ಬೂದುಬಣ್ಣದ ಹೊಳಪಿರುತ್ತದೆ, ಉಸಿರಾಟದ ಲಯಕ್ಕೆ ಉಬ್ಬಿ ಇಳಿಯುತ್ತಿರುತ್ತದೆ. ಅದನ್ನು ಕಿತ್ತು ಹರಿಯಬಾರದು. ಆ ಪೊರೆಯಾಚೆ ಕಿರುಮಿದುಳಿನ ಕೆಳಭಾಗಕ್ಕೆ ರಕ್ತ ಒಯ್ಯುವ ಪೈಕಾ ಧಮನಿಯ ಸುರುಳಿ, ನುಂಗುವುದಕ್ಕೂ ಧ್ವನಿಗೂ ಬೇಕಾದ ನರಗಳು ಇರುತ್ತವೆ. ಹರಿತವಾದ ಸೂಕ್ಷ್ಮ ಕತ್ತರಿಯಿಂದಲೋ ಅರಾಕ್ನಾಯ್ಡ್ ಚಾಕುವಿನಿಂದಲೋ, ಧಮನಿ ಇಲ್ಲದ ಬಯಲು ನೋಡಿ, ಸಣ್ಣದೊಂದು ಕಿಂಡಿ ಮಾಡಬೇಕು.

ತಿಳಿನೀರು ಉಕ್ಕಿ ಬರುತ್ತದೆ. ಈಗ ಮಾಡಬೇಕಾದ ಕೆಲಸ ಕಾಯುವುದು. ಗಡಿಯಾರ ನೋಡಿ ಮೂರರಿಂದ ಐದು ನಿಮಿಷ. ಕೈಯಲ್ಲಿ ಉಪಕರಣ ಹಿಡಿದು ಸುಮ್ಮನೆ ನಿಲ್ಲುವುದು ಕಲಿಯುವವರಿಗೆ ಎಲ್ಲಕ್ಕಿಂತ ಕಷ್ಟ ಎಂದು ನಾನು ಬಲ್ಲೆ. ನನಗೂ ಹಾಗೇ ಇತ್ತು. ಆದರೆ ಆ ಐದು ನಿಮಿಷದಲ್ಲಿ ಕಣ್ಣೆದುರೇ ಆಗುವುದನ್ನು ನೋಡಿ. ಬಿಗಿದ ಕಿರುಮಿದುಳಿನ ಮೇಲೆ ಒತ್ತಿ ಮಾಸಿದ್ದ ಎಲೆಮಡಿಕೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಬಡಿತ ಮರಳುತ್ತದೆ. ಪ್ಯಾಟಿಗೂ ಡ್ಯೂರಾಕ್ಕೂ ನಡುವೆ ತೆರಪು ಬೀಳುತ್ತದೆ. ಆಮೇಲೆ ಡ್ಯೂರಾವನ್ನು ಪೂರ್ತಿ ತೆರೆಯಿರಿ. ಮಿದುಳನ್ನು ಸರಿಸಿ ಹಿಡಿಯುವ ರಿಟ್ರಾಕ್ಟರ್ ಬೇಕೆಂದು ಹೊರಟಿದ್ದ ಎಷ್ಟೋ ಶಸ್ತ್ರಚಿಕಿತ್ಸೆಗಳನ್ನು ಈ ಕಾಯುವಿಕೆಯಿಂದಾಗಿ ರಿಟ್ರಾಕ್ಟರ್ ಇಲ್ಲದೆಯೇ ಮುಗಿಸಿದ್ದೇವೆ.

ಈ ಹೊತ್ತಿನಲ್ಲಿ ನಾಡಿ ದಿಢೀರನೆ ಇಳಿದರೆ ಅರಿವಳಿಕೆ ತಜ್ಞರು ಗಟ್ಟಿಯಾಗಿ ಹೇಳಬೇಕು, ಶಸ್ತ್ರವೈದ್ಯರು ಕೈ ತೆಗೆಯಬೇಕು. ಅದು ನರ ಅಥವಾ ಮಿದುಳಕಾಂಡಕ್ಕೆ ಎಳೆತ ಬಿದ್ದುದರ ಸೂಚನೆ. ಹೆಚ್ಚಾಗಿ ಕೈ ತೆಗೆದೊಡನೆ ನಾಡಿ ಮರಳುತ್ತದೆ. ಔಷಧಿ ಕೊಟ್ಟು ನಾಡಿ ಏರಿಸಿ ಅದೇ ಎಳೆತ ಮುಂದುವರಿಸುವುದು ಗಂಡಾಂತರ.

ನೀರು ಸಿಗದಿದ್ದರೆ

ದೊಡ್ಡ ಗಡ್ಡೆಗಳು ಪಕ್ಕದ ತಾಣಗಳನ್ನು ಮುಚ್ಚಿರುತ್ತವೆ. ಆಗ ಇನ್ನೂ ಕೆಳಕ್ಕೆ, ತಲೆಬುರುಡೆಯ ದೊಡ್ಡ ರಂಧ್ರದ ಕಡೆಗೆ ಹುಡುಕಬೇಕು. ಗಡ್ಡೆಯ ಕಡೆಗೆ ಅಗೆಯಬಾರದು. ಅಲ್ಲೂ ಸಿಗದೆ ಮಿದುಳು ಉಬ್ಬುತ್ತಲೇ ಇದ್ದರೆ ಸೀಳಿನ ಮೇಲೆ ನೆನೆದ ಪ್ಯಾಟಿ ಇಟ್ಟು ನಿಲ್ಲಿಸಿ, ಎಲ್ಲರೂ ಸೇರಿ ಈ ಕ್ರಮದಲ್ಲಿ ನೋಡಿ. ಉಸಿರಿನ ನಳಿಕೆ ಮಡಚಿದೆಯೇ, ಡೈಆಕ್ಸೈಡ್ ಏರಿದೆಯೇ? ಬಟ್ಟೆಯ ಕೆಳಗೆ ಕುತ್ತಿಗೆ ಜಾರಿದೆಯೇ? ತಲೆಯ ಕಡೆ ಮೇಜು ಇನ್ನಷ್ಟು ಎತ್ತಬಹುದೇ? ಮ್ಯಾನಿಟಾಲ್ ಬಾಟಲಿ ಖಾಲಿಯಾಗಿದೆಯೇ, ಅಥವಾ ಹನಿ ನಿಂತಿದೆಯೇ? ಇವಿಡಿ ಇದ್ದರೆ ಅದರ ಕ್ಲ್ಯಾಂಪ್ ತೆಗೆದು ಕೆಲವು ಮಿ.ಲೀ. ಬಿಡಿ. ಇಲ್ಲದಿದ್ದರೆ ಮೊದಲೇ ಗುರುತು ಹಾಕಿದ ಹಿಂದಲೆಯ ರಂಧ್ರ ಈಗ ಕೆಲಸಕ್ಕೆ ಬರುತ್ತದೆ. ಇಷ್ಟಾದರೂ ಇಳಿಯದಿದ್ದರೆ ಒಳಗೆಲ್ಲೋ ರಕ್ತ ಹೆಪ್ಪುಗಟ್ಟುತ್ತಿದೆ ಎಂದು ಅನುಮಾನಿಸಿ ಅಲ್ಟ್ರಾಸೌಂಡ್ ಇಟ್ಟು ನೋಡಬೇಕು. ಕಿರುಮಿದುಳಿನ ಹೊರಅಂಚನ್ನು ತುಸು ತೆಗೆದು ಜಾಗ ಮಾಡುವುದು ಕಟ್ಟಕಡೆಯ ಉಪಾಯ.

ಕೂರಿಸಿ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ತೊಂದರೆ ಇದಕ್ಕೆ ತದ್ವಿರುದ್ಧ. ಅಲ್ಲಿ ನೀರು ತಾನಾಗಿ ಕೆಳಗೆ ಹರಿದುಹೋಗುತ್ತದೆ, ಅದರ ಜಾಗಕ್ಕೆ ಗಾಳಿ ಸೇರುತ್ತದೆ. ತೆರೆದ ಅಭಿಧಮನಿಯಿಂದ ಗಾಳಿ ಹೃದಯಕ್ಕೆ ಹೋಗುವ ಅಪಾಯವೂ ಇದೆ. ಅಲ್ಲಿ ಹೆಚ್ಚು ಹರಿಯದಂತೆ ತಡೆಯುವುದೇ ಕೌಶಲ. ನೀರು ಅತಿಯಾಗಿ ಹೋದರೆ ಮಿದುಳು ಕುಸಿದು, ಪೊರೆಗೂ ಮಿದುಳಿಗೂ ನಡುವಿನ ಸಣ್ಣ ಅಭಿಧಮನಿಗಳು ಎಳೆದು ಹರಿದು, ಶಸ್ತ್ರಚಿಕಿತ್ಸೆ ಮಾಡಿದ ಜಾಗದಿಂದ ದೂರದಲ್ಲೆಲ್ಲೋ ರಕ್ತಸ್ರಾವ ಆಗಬಹುದು.

ಮುಚ್ಚುವಾಗ

ಬಿಟ್ಟ ನೀರನ್ನು ಒಂದಿಷ್ಟು ಹಿಂದಿರುಗಿಸಿ ಎಂದು ನಾನು ಹೇಳಿಕೊಡುವುದುಂಟು. ಮೈಬಿಸಿಯ ಸಲೈನ್ ತುಂಬಿ ಗಾಳಿಯನ್ನು ಹೊರದೂಡಿ ಡ್ಯೂರಾವನ್ನು ನೀರು ಸೋರದಂತೆ ಹೊಲಿಯಬೇಕು. ಪೊರೆ ಸಾಲದಿದ್ದರೆ ರೋಗಿಯ ತಲೆಬುರುಡೆಯ ಮೇಲ್ಪೊರೆಯನ್ನೇ ತೇಪೆ ಹಾಕಬಹುದು. ಕಿವಿಯ ಹಿಂದಿನ ಮೂಳೆಯೊಳಗಿನ ಗಾಳಿಗೂಡುಗಳು ತೆರೆದಿದ್ದರೆ ಪ್ರತಿಯೊಂದಕ್ಕೂ ಮೇಣ ತುಂಬಿ. ಒಂದು ಗೂಡು ಬಿಟ್ಟುಹೋದರೆ ನೀರು ನಡುಗಿವಿಗೆ ಇಳಿದು, ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಬಂದು, ವಾರದ ನಂತರ ಮೂಗಿನಿಂದ ತೊಟ್ಟಿಕ್ಕುತ್ತದೆ.

ಐಸಿಯುನಲ್ಲಿ ನೀರುಗಂಟಿಯ ಕೆಲಸ

ಭದ್ರಾ ನಾಲೆಯ ಕೊನೆಯಂಚಿನ ಊರುಗಳಲ್ಲಿ ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಗೆ ಎಷ್ಟು ಬೆಲೆ ಎಂಬುದು ದಾವಣಗೆರೆ ಸೀಮೆಯವರಿಗೆ ಗೊತ್ತು. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಆ ಜವಾಬ್ದಾರಿ ಹಾಸಿಗೆ ಪಕ್ಕದ ಶುಶ್ರೂಷಕಿಯದು.

ನಾನು ಕಲಿಯುತ್ತಿದ್ದ ಕಾಲದಲ್ಲಿ ಒಂದು ಆಸ್ಪತ್ರೆಯಲ್ಲಿ ನಡೆದದ್ದು. ಬೆಳಗಿನ ಜಾವ ರೋಗಿಗೆ ಎಚ್ಚರವಾಗಿ ಬಾಯಾರಿಕೆ ಎಂದರು. ಪಕ್ಕದಲ್ಲಿದ್ದ ಅವರ ಅಕ್ಕ ಮಂಚದ ಹಿಡಿ ತಿರುಗಿಸಿ ತಲೆಯ ಕಡೆ ಎತ್ತರಿಸಿ ಚಮಚದಲ್ಲಿ ಗಂಜಿ ಕುಡಿಸಿದರು. ಇವಿಡಿ ಚೀಲ ಮಾತ್ರ ಕಂಬದಲ್ಲಿ ಮೊದಲಿದ್ದ ಎತ್ತರದಲ್ಲೇ ಉಳಿಯಿತು. ತಲೆ ಮೇಲೆ ಹೋದದ್ದರಿಂದ ಚೀಲ ಕೆಳಗಾದಂತಾಯಿತು. ನಾನು ಸುತ್ತು ಬರುವ ಹೊತ್ತಿಗೆ ಅರ್ಧ ಗಂಟೆಯಲ್ಲಿ 60 ಮಿ.ಲೀ. ಇಳಿದಿತ್ತು, ಮೂರು ಗಂಟೆಯಲ್ಲಿ ಊರುವ ನೀರು ಅದು. ರೋಗಿ ತಲೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದರು. ಕ್ಲ್ಯಾಂಪ್ ಹಾಕಿ, ಮಟ್ಟಸವಾಗಿ ಮಲಗಿಸಿ, ಸ್ಕ್ಯಾನ್ ಮಾಡಿಸಿದೆವು. ಪುಣ್ಯಕ್ಕೆ ರಕ್ತಸ್ರಾವ ಆಗಿರಲಿಲ್ಲ. ಆ ಅಕ್ಕನ ತಪ್ಪು ಏನೂ ಇಲ್ಲ, ಯಾರೂ ಅವರಿಗೆ ಹೇಳಿರಲಿಲ್ಲ. ಅಂದಿನಿಂದ ನನ್ನ ಪ್ರತಿ ರೋಗಿಯ ಮಂಚದ ಹಿಡಿಗೆ ಒಂದು ಚೀಟಿ ಕಟ್ಟಿರುತ್ತದೆ: ‘ಸಿಸ್ಟರನ್ನು ಕರೆಯದೆ ಮಂಚ ಎತ್ತಬೇಡಿ.’

ಆದ್ದರಿಂದ ಡ್ರೇನಿನ ಸೊನ್ನೆ ಗುರುತು ಸದಾ ಕಿವಿರಂಧ್ರದ ಮಟ್ಟಕ್ಕೆ. ತಲೆ ಏರಿದರೂ ಇಳಿದರೂ ಮತ್ತೆ ಮಟ್ಟ ಹೊಂದಿಸಿ. ಮಗ್ಗುಲಾಗಿಸುವಾಗ, ಸ್ಕ್ಯಾನಿಗೆ ಕರೆದೊಯ್ಯುವಾಗ ಮೊದಲು ಕ್ಲ್ಯಾಂಪ್, ಮರಳಿ ಮಟ್ಟ ಹೊಂದಿಸಿದ ಮೇಲೆ ಮರೆಯದೆ ತೆರೆಯಿರಿ. ಚಿತ್ರದುರ್ಗದಿಂದ ಇಲ್ಲಿಗೆ ಹೆದ್ದಾರಿಯಲ್ಲಿ ಸುಮಾರು 60 ಕಿ.ಮೀ. ಆಂಬುಲೆನ್ಸಿನಲ್ಲಿ ಇವಿಡಿ ಇರುವ ರೋಗಿಯನ್ನು ಕಳುಹಿಸುವವರು, ಕ್ಲ್ಯಾಂಪ್ ಅನ್ನು ಯಾರು ಯಾವಾಗ ಹಾಕಿದರು, ದಾರಿಯಲ್ಲಿ ಮಂಪರು ಹೆಚ್ಚಿದರೆ ಯಾರು ತೆರೆಯಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ.

ಗಂಟೆಗೊಮ್ಮೆ ಎಷ್ಟು ಬಂತು, ಯಾವ ಬಣ್ಣ ಎಂದು ಬರೆಯಿರಿ. 20 ದಾಟಿದರೆ ವೈದ್ಯರಿಗೆ ತಿಳಿಸಿ. ಏನೂ ಬರದಿದ್ದರೆ ಅದಕ್ಕಿಂತ ಬೇಗ ತಿಳಿಸಿ. ಆದರೆ ತಿಳಿಸುವ ಮೊದಲು ಕ್ಲ್ಯಾಂಪ್ ಮುಚ್ಚಿದೆಯೇ, ದಿಂಬಿನಡಿ ನಳಿಕೆ ಮಡಚಿದೆಯೇ, ನಳಿಕೆಯೊಳಗಿನ ನೀರಿನ ಮೇಲ್ಮೈ ಉಸಿರಿಗೆ ಆಡುತ್ತಿದೆಯೇ ನೋಡಿ. ಕಟ್ಟಿಕೊಂಡಿದೆಯೆಂದು ಸಿರಿಂಜಿನಿಂದ ತಳ್ಳುವ ಕೆಲಸವನ್ನು ಶುಶ್ರೂಷಕಿಯರು ಮಾಡಬೇಡಿ. ನಳಿಕೆಯ ಕೀಲುಗಳನ್ನು ಬಿಚ್ಚಿದಷ್ಟು ಸಲ ಸೋಂಕಿಗೆ ಬಾಗಿಲು ತೆರೆದಂತೆ. ತಿಳಿನೀರು ಮೋಡಗಟ್ಟಿದರೆ, ಜ್ವರ ಬಂದರೆ, ಕುತ್ತಿಗೆ ಬಿಗಿದರೆ ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಗಳ ಸೋಂಕು, ಎಂದೇ ಮೊದಲು ಶಂಕಿಸಬೇಕು. ನಾಡಿ ಇಳಿದು ರಕ್ತದೊತ್ತಡ ಏರಿ ಉಸಿರಿನ ಲಯ ತಪ್ಪಿದರೆ ತಲೆಯೊಳಗಿನ ಒತ್ತಡ ಮಿತಿ ಮೀರಿದೆ ಎಂದರ್ಥ, ಒಂದು ನಿಮಿಷವೂ ತಡ ಸಲ್ಲದು.

ಒಮ್ಮೆ ಅಡಿಕೆ ತೋಟದ ರೈತರೊಬ್ಬರು, ಎಂಟು ವರ್ಷದ ಮಗಳ ಹಾಸಿಗೆ ಪಕ್ಕದ ಚೀಲವನ್ನೇ ನೋಡುತ್ತಾ ಕೇಳಿದರು: “ಸಾರ್, ಇಷ್ಟು ನೀರು ಹೋದರೆ ನನ್ನ ಮಗಳ ಮಿದುಳು ಒಣಗುವುದಿಲ್ಲವೇ?” ಎಷ್ಟು ಸರಿಯಾದ ಪ್ರಶ್ನೆ! “ಯಜಮಾನರೇ, ನಿಮ್ಮ ಬಾವಿಯಲ್ಲಿ ಸೆಲೆ ಇದೆಯಲ್ಲ, ಹಾಗೆ ಇಲ್ಲೂ ಗಂಟೆ ಗಂಟೆಗೂ ಊರುತ್ತಿರುತ್ತದೆ. ಊರಿದ್ದಕ್ಕಿಂತ ಹೆಚ್ಚು ಹೋಗದಂತೆ ಈ ಸಿಸ್ಟರ್ ನೋಡಿಕೊಳ್ಳುತ್ತಾರೆ” ಎಂದೆ. ಮರುದಿನದಿಂದ ಅವರೇ ಗಂಟೆಗೊಮ್ಮೆ ಚೀಲದ ಗೆರೆ ನೋಡಿ ಸಿಸ್ಟರಿಗೆ ಹೇಳುತ್ತಿದ್ದರು.

ತೆಗೆಯುವ ದಿನ

ಚೀಲವನ್ನು ದಿನಕ್ಕೆ ಸುಮಾರು 5 ಸೆಂ.ಮೀ.ನಂತೆ ಮೇಲೇರಿಸುತ್ತಾ ಹೋಗುತ್ತೇವೆ. ರೋಗಿ ಚೆನ್ನಾಗಿದ್ದರೆ 24 ಗಂಟೆ ಮುಚ್ಚಿ, ಸ್ಕ್ಯಾನ್ ನೋಡಿ ತೆಗೆಯುತ್ತೇವೆ. ಮುಚ್ಚಿದ ಆ ದಿನ ತಲೆನೋವು, ವಾಂತಿ, ಮಂಪರು ಇವುಗಳಲ್ಲಿ ಒಂದು ಕಂಡರೂ ತೆರೆದು ವೈದ್ಯರನ್ನು ಕರೆಯಬೇಕು. ತೆಗೆದ ಜಾಗಕ್ಕೆ ಹೊಲಿಗೆ ಹಾಕಿ, ರಾತ್ರಿಯಿಡೀ ದಿಂಬಿನ ಬಟ್ಟೆ ಒದ್ದೆಯಾಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಬೇಕು.

ಮನೆಗೆ ಹೋದ ಮೇಲೆ ಕತ್ತಿನ ಹಿಂಭಾಗದ ಗಾಯ ಉಬ್ಬಿದರೆ, ಹೊಲಿಗೆಯಿಂದ ನೀರು ಜಿನುಗಿದರೆ, ಮುಂದೆ ಬಾಗಿದಾಗ ಮೂಗಿನಿಂದ ನೀರಿನಂಥದ್ದು ತೊಟ್ಟಿಕ್ಕಿದರೆ ಅಥವಾ ಗಂಟಲಿಗೆ ಉಪ್ಪುಪ್ಪು ಎನಿಸಿದರೆ ನೆಗಡಿ ಎಂದು ಕೂರಬೇಡಿ. ಸೀನು ತಡೆಯಲು ಮೂಗು ಹಿಡಿಯಬೇಡಿ, ಮೂಗು ಜೋರಾಗಿ ಸೀಟಬೇಡಿ, ತಲೆಯನ್ನು ಎರಡು ದಿಂಬಿನ ಮೇಲಿಟ್ಟು ಅದೇ ದಿನ ಆಸ್ಪತ್ರೆಗೆ ಬನ್ನಿ. ಬರುವಾಗ ಒದ್ದೆಯಾದ ದಿಂಬಿನ ಬಟ್ಟೆಯನ್ನು ಒಗೆಯದೆ ಹಾಗೇ ತನ್ನಿ.